ಕರಿಬೇವಿನ ಕುಂಡ ಮತ್ತು ತೊಂಬತ್ತು ದಿನ

ಸಿಡ್ನಿಯ ಪಶ್ಚಿಮ ಭಾಗದಲ್ಲಿ ನಾವು ಕೊಂಡ ಮನೆಯ ಹಿತ್ತಲಲ್ಲಿ ಒಂದು ಈಜುಕೊಳ ಇತ್ತು. ನಮಗೆ ಅದು ಬೇಕಿರಲಿಲ್ಲ. ಅರಸೀಕೆರೆಯ ಕಡೆ ಹುಟ್ಟಿ ಬೆಳೆದ ನನಗೂ ನನ್ನ ಗಂಡನಿಗೂ ಈಜು ಬಾರದು. ಮಗನಿಗೆ ಆಗಿನ್ನೂ ಮೂರು ತುಂಬಿರಲಿಲ್ಲ. ಬೆಲೆ ಕೈಗೆಟಕುವಂತಿತ್ತು, ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದಿತ್ತು, ಹಾಗಾಗಿ ಮನೆ ಹಿಡಿಸಿತು. ಕೊಳ ಅದರ ಬೆನ್ನಿಗೆ ಬಂತು, ಮದುವೆ ಮನೆಗೆ ಕರೆಯದ ನೆಂಟ ಬಂದ ಹಾಗೆ. ಆ ಕೊಳದ ಬೇಲಿಗೆ ಒಂದು ಪ್ರಮಾಣಪತ್ರ ಪಡೆಯುವುದರೊಳಗೆ 85 ದಿನ, 3,673 ಡಾಲರ್ ಮತ್ತು ನನ್ನ ಅತ್ತೆಯವರ ಒಂದು ಪಾತಿ ದಂಟಿನ ಸೊಪ್ಪು ಖರ್ಚಾದವು. ಪತ್ರ ಹೋದ ವಾರ ಬಂದಿದೆ. ಸಿಟ್ಟು ಆರುವ ಮೊದಲು, ವಿವರಗಳು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇಲ್ಲಿ ಕೊಳವಿರುವ ಮನೆ ನೋಡುತ್ತಿರುವ ಕನ್ನಡದವರು ಯಾರಾದರೂ ಇದ್ದರೆ ನಾವು ಎಡವಿದ ಕಲ್ಲಿಗೇ ಮತ್ತೆ ಎಡವುವುದು ಬೇಡ.

ಮೊದಲ ತಪ್ಪು ಆದದ್ದು ಕರಾರು ಪತ್ರ ಓದುವಾಗ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2016ರ ಏಪ್ರಿಲ್ 29ರಿಂದ ಒಂದು ನಿಯಮ ಇದೆ. ಕೊಳವಿರುವ ಮನೆ ಮಾರುವವರು ಕರಾರಿನ ಜೊತೆಗೆ ಕೊಳದ ನೋಂದಣಿ ಪತ್ರವನ್ನೂ, ಬೇಲಿ ನಿಯಮದಂತೆ ಇದೆ ಎಂಬ ಪ್ರಮಾಣಪತ್ರವನ್ನೂ ಲಗತ್ತಿಸಬೇಕು. ಬೇಲಿ ನಿಯಮದಂತೆ ಇಲ್ಲದಿದ್ದರೆ 'ಇಲ್ಲ' ಎಂಬ ಪ್ರಮಾಣಪತ್ರವನ್ನೇ ಲಗತ್ತಿಸಿ ಮಾರಬಹುದು. ಆಗ ದೋಷ ಸರಿಪಡಿಸುವ ಹೊಣೆ ಕೊಂಡವರ ತಲೆಗೆ ಬರುತ್ತದೆ, ಸೆಟಲ್‌ಮೆಂಟ್ ಆದ, ಅಂದರೆ ಪೂರ್ತಿ ಹಣ ಕಟ್ಟಿ ಮನೆ ಕೈಗೆ ಬಂದ ದಿನದಿಂದ 90 ದಿನಗಳ ಗಡುವಿನೊಂದಿಗೆ. ಬಾಡಿಗೆಗೆ ಕೊಡುವವರಿಗೆ ಈ ರಿಯಾಯಿತಿ ಇಲ್ಲ; ಅವರ ಬೇಲಿ ಮೊದಲೇ ಸರಿಯಿರಬೇಕು.

ನಮ್ಮ ಕರಾರಿನಲ್ಲಿ ಇದ್ದದ್ದು ಎರಡನೆಯ ಬಗೆಯ ಪತ್ರ. ಅದರಲ್ಲಿ ಆರು ಸಾಲುಗಳಿದ್ದವು. ಗೇಟು ಸರಿಯಿಲ್ಲ, ಸೂಚನಾ ಫಲಕ ಮಾಸಿದೆ ಎಂಬ ಎರಡು ಸಾಲು ಅರ್ಥವಾದವು. ಉಳಿದ ನಾಲ್ಕು ಬರಿಯ ಸಂಕ್ಷೇಪಾಕ್ಷರಗಳು ಮತ್ತು ಕಲಮುಗಳ ಸಂಖ್ಯೆಗಳು. ಮನೆ ಖರೀದಿಯ ಕಾಗದಪತ್ರ ನೋಡಿಕೊಳ್ಳುವ ಕನ್ವೇಯನ್ಸರ್ ಫೋನಿನಲ್ಲಿ ಆ ಆರು ಸಾಲುಗಳನ್ನು ಓದಿ, "ತೊಂಬತ್ತು ದಿನ ಇದೆ, ಗಾಬರಿ ಬೇಡ" ಎಂದರು. ಮನೆ ತೋರಿಸಿದ ಏಜೆಂಟ್, "ಇದು ಎಂಬತ್ತರ ದಶಕದ ಕೊಳ, ಹಳೆಯದಕ್ಕೆ ಹಳೆಯ ನಿಯಮ, ಒಂದು ಚಿಲಕ ಬದಲಾಯಿಸಿದರೆ ಮುಗಿಯಿತು" ಎಂದರು. ನಾವು ಹಿತ್ತಲಿಗೆ ಹೋಗಿ ನೋಡಿದೆವು. ಕಪ್ಪು ಬಣ್ಣದ ಅಲ್ಯೂಮಿನಿಯಂ ಬೇಲಿ ನೆಟ್ಟಗೆ ನಿಂತಿತ್ತು. ಬೇಲಿ ಇದೆಯಲ್ಲ, ಇನ್ನೇನು ಎಂದು ಸಹಿ ಹಾಕಿದೆವು.

ಸಹಿ ಹಾಕುವ ಮೊದಲೇ ಆ ಪಟ್ಟಿಯನ್ನು ಒಬ್ಬ ತಪಾಸಕರಿಗೆ ಕಳುಹಿಸಿ ದುರಸ್ತಿಗೆ ಎಷ್ಟಾದೀತು ಎಂದು ಕೇಳಿದ್ದರೆ, ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಿಕೊಳ್ಳಲು ಚೌಕಾಸಿ ಮಾಡಬಹುದಿತ್ತು. ತರಕಾರಿಯವನ ಹತ್ತಿರ ಒಂದು ಕಟ್ಟು ಕೊತ್ತಂಬರಿಗೆ ಜಗಳ ಆಡುವ ನಾನು ಇಲ್ಲಿ ತುಟಿ ಬಿಚ್ಚಲಿಲ್ಲ.

ಆಗಸ್ಟ್ ಮಧ್ಯದಲ್ಲಿ ಸೆಟಲ್‌ಮೆಂಟ್ ಆಯಿತು. ಚಳಿಗಾಲದ ಕೊನೆ. ಪೆಟ್ಟಿಗೆ ಬಿಚ್ಚುವುದರಲ್ಲಿ, ಹಾಲುಕ್ಕಿಸುವುದರಲ್ಲಿ, ಊರಿನಿಂದ ಬಂದ ಅತ್ತೆಯವರಿಗೆ ಬೀದಿ ಪರಿಚಯ ಮಾಡಿಸುವುದರಲ್ಲಿ ಮೂರು ವಾರ ಹೋಯಿತು. ಅತ್ತೆ ಬಂದ ಎರಡನೆಯ ದಿನವೇ ಕೊಳದ ಪಕ್ಕದ, ಕಾಂಪೌಂಡಿಗೆ ಅಂಟಿದ ಎತ್ತರದ ಪಾತಿಯಲ್ಲಿ ದಂಟು, ಮೆಂತ್ಯ ಬಿತ್ತಿದರು. ಹಳೆ ಮನೆಯಿಂದ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದಿದ್ದ ಕರಿಬೇವಿನ ದೊಡ್ಡ ಕುಂಡವನ್ನು ಕೊಳದ ಬೇಲಿಯ ಹೊರಗೆ, ಬಿಸಿಲು ಬೀಳುವ ಮೂಲೆಯಲ್ಲಿ ಇಟ್ಟೆವು. ಸಿಡ್ನಿಯ ಚಳಿಯಲ್ಲಿ ಕರಿಬೇವು ಉಳಿಸಿಕೊಳ್ಳುವ ಕಷ್ಟ ಗೊತ್ತಿದ್ದವರಿಗೆ ಆ ಮೂಲೆಯ ಬೆಲೆ ಗೊತ್ತಾಗುತ್ತದೆ.

24ನೆಯ ದಿನ ಗಂಡ ಕ್ಯಾಲೆಂಡರ್ ನೋಡಿ ಬೆಚ್ಚಿಬಿದ್ದರು. ಅಲ್ಲಿಂದ ಓಟ ಶುರು.

ತಪಾಸಣೆಗೆ ಎರಡು ದಾರಿ ಇವೆ. ಒಂದು, ಸ್ಥಳೀಯ ಕೌನ್ಸಿಲ್, ನಮ್ಮೂರ ಪುರಸಭೆಯ ಹಾಗೆ. ಮೊದಲ ಭೇಟಿಗೆ 150 ಡಾಲರ್, ಮರುಭೇಟಿಗೆ 100 ಡಾಲರ್ ಎಂದು ನಮಗೆ ಹೇಳಿದರು. ದಿನಾಂಕ ಮಾತ್ರ ತಡ. ಇನ್ನೊಂದು, ಪರವಾನಗಿ ಪಡೆದ ಖಾಸಗಿ ತಪಾಸಕರು. ಅವರ ದರ ಅವರವರಿಗೆ ಬಿಟ್ಟದ್ದು. ನಾವು ಮಾತಾಡಿಸಿದ ಮೂವರು ಮೂರು ದರ ಹೇಳಿದರು. 290 ಡಾಲರ್ ಕೇಳಿದವರನ್ನು ಆರಿಸಿಕೊಂಡೆವು, ಏಕೆಂದರೆ ಅವರು ಅದೇ ವಾರ ಬರುತ್ತೇನೆಂದರು. ಮರುಭೇಟಿಯ ಶುಲ್ಕ ಸೇರಿದೆಯೇ ಎಂದು ಕೇಳಲು ಮರೆತೆವು. ಸೇರಿರಲಿಲ್ಲ. ಅದು ಇನ್ನೂ 110. ನೀವು ಫೋನಿನಲ್ಲಿಯೇ ಕೇಳಿಬಿಡಿ.

31ನೆಯ ದಿನ ಬೆಳಿಗ್ಗೆ ಏಳೂವರೆಗೆ ಅವರು ಬಂದರು. ಅರವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕೈಯಲ್ಲಿ ಅಳತೆ ಟೇಪು, ರಸಮಟ್ಟ, 100 ಮಿಲಿಮೀಟರಿನ ಒಂದು ಮರದ ತುಂಡು. ಕಾಫಿ ಬೇಡವೆಂದರು. ನೇರವಾಗಿ ಗೇಟಿನ ಹತ್ತಿರ ಹೋಗಿ ಅದನ್ನು ಪೂರ್ತಿ ತೆರೆದು ಕೈಬಿಟ್ಟರು. ಢಬ್ ಎಂದು ಮುಚ್ಚಿ ಚಿಲಕ ಬಿತ್ತು. ಅರ್ಧ ತೆರೆದು ಬಿಟ್ಟರು, ಆಗಲೂ ಬಿತ್ತು. ನನ್ನ ಗಂಡ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಅವರು ಗೇಟನ್ನು ನಾಲ್ಕು ಬೆರಳಗಲ ಮಾತ್ರ ತೆರೆದು ಮೆಲ್ಲನೆ ಬಿಟ್ಟರು. ಗೇಟು ತೇಲಿ ಬಂದು ಚಿಲಕಕ್ಕೆ ಆತುಕೊಂಡು ನಿಂತಿತು. ಚಿಲಕ ಬೀಳಲಿಲ್ಲ. ನೋಡಿದವರು ಯಾರಾದರೂ ಮುಚ್ಚಿದೆ ಎಂದೇ ಹೇಳುತ್ತಿದ್ದರು. ಅವರು ಒಂದು ಬೆರಳಿನಿಂದ ಅದನ್ನು ತಳ್ಳಿ ತೋರಿಸಿದರು, ಏನೂ ಹೇಳಲಿಲ್ಲ. ಮೂರು ವಾರದಿಂದ ನಾವು ದಿನಕ್ಕೆ ಹತ್ತು ಬಾರಿ ಆ ಗೇಟು ದಾಟಿ ಅತ್ತೆಯ ಪಾತಿಗೆ ನೀರು ಹಾಕಲು ಹೋಗುತ್ತಿದ್ದೆವು. ಅದೆಷ್ಟು ಸಲ ಹಾಗೆ ಆತುಕೊಂಡೇ ನಿಂತಿತ್ತೋ. ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು.

ಗೇಟು ಯಾವ ಕೋನದಿಂದ ಬಿಟ್ಟರೂ ತಾನಾಗಿ ಮುಚ್ಚಿ ತಾನಾಗಿ ಚಿಲಕ ಹಾಕಿಕೊಳ್ಳಬೇಕು, ಕೊಳದಿಂದ ಹೊರಮುಖವಾಗಿ ತೆರೆಯಬೇಕು. ಚಿಲಕದ ಗುಂಡಿ ನೆಲದಿಂದ ಕನಿಷ್ಠ 1500 ಮಿ.ಮೀ. ಎತ್ತರದಲ್ಲಿರಬೇಕು, ಕೆಳಗಿದ್ದರೆ ಮಗುವಿನ ಕೈ ಸುತ್ತಿ ಬಾರದಂತೆ ಮರೆ ಬೇಕು. ಬೀಗ ಜಡಿದಿದ್ದೇವೆ ಎಂಬ ಉತ್ತರ ನಡೆಯುವುದಿಲ್ಲ. ಬೀಗ ಹಾಕುವವರು ಮನುಷ್ಯರು, ಮರೆಯುತ್ತಾರೆ.

ಆಮೇಲೆ ಬೇಲಿ. ಹೊರಗಿನ ನೆಲದಿಂದ 1200 ಮಿ.ಮೀ. ಎತ್ತರ ಬೇಕು, ಇತ್ತು. ಸರಳುಗಳ ನಡುವೆ 100 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು, ಇರಲಿಲ್ಲ. ಬೇಲಿಯ ಅಡಿಯಲ್ಲಿಯೂ ಅಷ್ಟೇ. ಅಲ್ಲಿ ಆ ಮರದ ತುಂಡು ಒಂದು ಕಡೆ ಸಲೀಸಾಗಿ ನುಸುಳಿತು. ಮಳೆನೀರು ಮಣ್ಣು ಕೊಚ್ಚಿ 130 ಮಿ.ಮೀ. ಆಗಿತ್ತು.

ಮೂಲೆಯಲ್ಲಿದ್ದ ಕರಿಬೇವಿನ ಕುಂಡದ ಮುಂದೆ ಅವರು ನಿಂತಾಗ ನಾನು ಹೆಮ್ಮೆಯಿಂದ ಅದೇನು ಗಿಡ ಎಂದು ವಿವರಿಸಲು ಹೊರಟೆ. ಅವರು ಟೇಪಿನ ತುದಿಯನ್ನು ಬೇಲಿಯ ಮೇಲಂಚಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಗಾಳಿಯಲ್ಲಿ ಅರ್ಧಚಂದ್ರದ ಹಾಗೆ ಬೀಸಿ ಕೆಳಗಿಳಿಸಿದರು. 900 ಮಿಲಿಮೀಟರ್. ಟೇಪು ಕುಂಡದ ಕಂಠಕ್ಕೆ ತಗುಲಿತು. ಬೇಲಿಯ ಮೇಲಂಚಿನಿಂದ ಹೊರಕ್ಕೂ ಕೆಳಕ್ಕೂ ಆ ಕಮಾನಿನೊಳಗೆ ಮಗು ಕಾಲಿಡಬಹುದಾದ, ಕೈ ಹಿಡಿಯಬಹುದಾದ ಏನೂ ಇರಬಾರದು. ಕರಾರಿನಲ್ಲಿ ನಮಗೆ ಅರ್ಥವಾಗದೆ ಉಳಿದ ಸಂಕ್ಷೇಪಾಕ್ಷರ ಇದೇ: ಹತ್ತಲಾಗದ ವಲಯ. ಅಲ್ಲಿಯವರೆಗೆ ಬೇಲಿ ಎಂದರೆ ಲೋಹ ಎಂದು ತಿಳಿದಿದ್ದೆ. ಅದರ ಸುತ್ತಲಿನ ಖಾಲಿ ಗಾಳಿಯೂ ಬೇಲಿಯ ಭಾಗವೇ ಎಂದು ಆಗ ಹೊಳೆಯಿತು. ಅರ್ಧ ಮೀಟರ್ ಎತ್ತರದ ನಮ್ಮ ಕುಂಡ, ಪಕ್ಕದ ಮನೆಯಿಂದ ಚಾಚಿದ ಒಂದು ಕೊಂಬೆ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಲ್ಲವೂ ಪಟ್ಟಿಗೆ ಸೇರಿದವು.

ಅತ್ತೆಯ ಪಾತಿಯ ಕತೆ ಬೇರೆ. ಕೊಳದ ಒಂದು ಬದಿಗೆ ಬೇಲಿಯಾಗಿ ನಿಂತಿರುವುದು ಪಕ್ಕದ ಮನೆಯ ಜೊತೆಗಿನ ಮರದ ಕಾಂಪೌಂಡು. ಗಡಿಯ ಬೇಲಿಯನ್ನೇ ಕೊಳದ ಬೇಲಿಯಾಗಿ ಬಳಸಿದರೆ ಕೊಳದ ಬದಿಯಿಂದ ಅಳೆದಾಗ 1800 ಮಿ.ಮೀ. ಇರಬೇಕು. ಮರದ ಹಲಗೆಗಳು ಅಷ್ಟಿದ್ದವು. ಆದರೆ ಪಾತಿಗಾಗಿ ಹಿಂದಿನವರು ಮಣ್ಣು ಏರಿಸಿದ್ದರಿಂದ ನೆಲ 250 ಮಿ.ಮೀ. ಮೇಲೆ ಬಂದು, ಕಾಂಪೌಂಡು ಲೆಕ್ಕದಲ್ಲಿ 1550ಕ್ಕೆ ಇಳಿಯಿತು. ಒಂದೋ ಕಾಂಪೌಂಡು ಏರಿಸಬೇಕು, ಇಲ್ಲವೇ ಮಣ್ಣು ತೆಗೆಯಬೇಕು. ಏರಿಸುವುದಾದರೆ ಪಕ್ಕದವರ ಒಪ್ಪಿಗೆ ಬೇಕು, ಹೆಚ್ಚುವರಿ ಖರ್ಚು ಕೊಳದವರದ್ದೇ. ಅತ್ತೆ ದಂಟಿನ ಸಸಿಗಳ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಲಿಲ್ಲ.

ಕೊನೆಯದು ಬಟ್ಟೆ ಒಗೆಯುವ ಕೋಣೆಯ ಬಾಗಿಲು. ಅದು ನೇರವಾಗಿ ಕೊಳದ ಅಂಗಳಕ್ಕೆ ತೆರೆಯುತ್ತಿತ್ತು. ನಡುವೆ ಬೇಲಿ ಇಲ್ಲ. "ಇದು 1990ಕ್ಕಿಂತ ಹಳೆಯ ಕೊಳ, ರಿಯಾಯಿತಿ ಇದೆಯಂತೆ" ಎಂದು ಏಜೆಂಟ್ ಹೇಳಿಕೊಟ್ಟಿದ್ದ ಪಾಠ ಒಪ್ಪಿಸಿದೆ. ರಿಯಾಯಿತಿ ಇರುವುದು ನಿಜ. 1990ರ ಆಗಸ್ಟ್ 1ರ ಮೊದಲು ಕಟ್ಟಿದ ಕೊಳವಾದರೆ ಮನೆಯ ಗೋಡೆಯನ್ನೇ ಬೇಲಿಯ ಒಂದು ಭಾಗವಾಗಿ ಬಳಸಬಹುದು, ಬಾಗಿಲು ಕಿಟಕಿಗಳನ್ನು ಮಕ್ಕಳು ತೆರೆಯಲಾಗದಂತೆ ಮಾಡಿದ್ದರೆ ಸಾಕು. ಆದರೆ ತಪಾಸಕರು ಕೇಳಿದ್ದು ಎರಡೇ ಪ್ರಶ್ನೆ: ಕೊಳ ಕಟ್ಟಿದ ವರ್ಷಕ್ಕೆ ದಾಖಲೆ ಎಲ್ಲಿದೆ? ಆಮೇಲೆ ಬೇಲಿಯನ್ನು ಯಾರಾದರೂ ಹೊಸದಾಗಿ ಕಟ್ಟಿದ್ದಾರೆಯೇ? ಎರಡಕ್ಕೂ ನಮ್ಮಲ್ಲಿ ಉತ್ತರ ಇರಲಿಲ್ಲ. ರಾಜ್ಯದ ಕೊಳ ನೋಂದಣಿಯಲ್ಲಿ 1988 ಎಂದಿತ್ತು. ಅದು ಮಾಲೀಕರು ತಾವೇ ತುಂಬುವ ಅಂಕಣ, ಅದೊಂದೇ ಸಾಲದು ಎಂದರು.

ಸಂಜೆ ಇಮೇಲ್‌ನಲ್ಲಿ ನೋಟಿಸು ಬಂತು. ದೋಷಗಳ ಪಟ್ಟಿ, ಜೊತೆಗೆ ಒಂದು ಸಾಲು: ಆರು ವಾರಗಳಲ್ಲಿ ಸರಿಪಡಿಸದಿದ್ದರೆ ನೋಟಿಸಿನ ಪ್ರತಿಯನ್ನು ಕೌನ್ಸಿಲ್‌ಗೆ ಕಳುಹಿಸುವುದು ಕಾನೂನಿನ ಪ್ರಕಾರ ತಪಾಸಕರ ಕರ್ತವ್ಯ. ಅಪಾಯ ಹೆಚ್ಚಿದ್ದರೆ ಆರು ವಾರವನ್ನೂ ಕಾಯುವುದಿಲ್ಲ. ನಮ್ಮ ಬಳಿ ಇನ್ನೂ ಐವತ್ತೊಂಬತ್ತು ದಿನ ಇವೆ ಎಂದುಕೊಂಡಿದ್ದವರಿಗೆ ಇನ್ನೊಂದು ಗಡಿಯಾರ ಟಿಕ್ ಟಿಕ್ ಎನ್ನತೊಡಗಿತು. ತೊಂಬತ್ತು ದಿನ ಎಂದು ಕನ್ವೇಯನ್ಸರ್ ಹೇಳಿದ್ದು ಸುಳ್ಳಲ್ಲ. ಈ ಆರು ವಾರದ ಮಾತನ್ನು ಯಾರೂ ಹೇಳಿರಲಿಲ್ಲ.

ಆ ರಾತ್ರಿ ನನ್ನ ಗಂಡ ಬಹಳ ಹೊತ್ತು ಗೊಣಗಿದರು. ನಮ್ಮ ಮಾವನವರು ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ತೋಡಿಸಿದಾಗ ಸುತ್ತ ತಂತಿ ಬೇಲಿ ಹಾಕಿಸುವ ಮಾತಿಗೆ ಹೀಗೆಯೇ ಗೊಣಗಿದ್ದರಂತೆ. ಅಪ್ಪನ ಗುಣ ಎಂದು ಅತ್ತೆ ಒಳಗಿನಿಂದಲೇ ಹೇಳಿದರು.

ಮರುದಿನ ಸಂಜೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅವರೆಕಾಳು ಬಿಡಿಸುತ್ತಿದ್ದೆ. ಮಗ ಹಿತ್ತಲಲ್ಲಿ ಆಡುತ್ತಿದ್ದ. ಅತ್ತೆ ಬಟ್ಟೆ ಒಣಹಾಕುತ್ತಿದ್ದರು. ಅವನು ಪಿಕ್ನಿಕ್‌ಗೆ ಒಯ್ಯುವ ಐಸ್ ಪೆಟ್ಟಿಗೆಯನ್ನು ಎರಡು ಕೈಯಲ್ಲೂ ತಳ್ಳಿಕೊಂಡು ಗೇಟಿನ ಕಂಬದ ಪಕ್ಕಕ್ಕೆ ಬಂದ, ಅದರ ಮೇಲೆ ಹತ್ತಿದ, ಕೈ ಎತ್ತಿದ. ಬೆರಳ ತುದಿ ಚಿಲಕದ ಗುಂಡಿಗೆ ತಾಗಿತು. ಹಿಂದಿನ ದಿನ ಆ ಮನುಷ್ಯ ಮಾಡಿದ್ದನ್ನೆಲ್ಲ ಇವನು ಮೂಲೆಯಲ್ಲಿ ಕೂತು ನೋಡಿದ್ದ. ನಾನು ಓಡಿದೆ. ಏನೂ ಆಗಲಿಲ್ಲ, ಗುಂಡಿಯನ್ನು ಮೇಲಕ್ಕೆ ಎಳೆಯುವಷ್ಟು ಎತ್ತರ ಅವನಿಗೆ ಸಿಕ್ಕಿರಲಿಲ್ಲ. ಅವನನ್ನು ಎತ್ತಿಕೊಂಡು ಅಲ್ಲೇ ಹುಲ್ಲಿನ ಮೇಲೆ ಕೂತೆ, ಕಾಲು ನಡುಗುತ್ತಿದ್ದವು. ಆಮೇಲೆ ನನ್ನ ಗಂಡ ಖರ್ಚಿನ ಬಗ್ಗೆ ಗೊಣಗಲಿಲ್ಲ.

ಕೊಳದ ನೀರನ್ನೇ ಖಾಲಿ ಮಾಡಿಬಿಟ್ಟರೆ? ನಮಗೂ ಅದೇ ಹೊಳೆದಿತ್ತು. ಪಕ್ಕದ ಮನೆಯ ಹಿರಿಯರು ತಡೆದರು. ನಮ್ಮದು ಫೈಬರ್‌ಗ್ಲಾಸ್ ತೊಟ್ಟಿ. ಮಳೆಯಾಗಿ ಅಡಿಯಲ್ಲಿ ನೀರು ನಿಂತಿದ್ದರೆ ಒಳಗಿನ ಭಾರ ಇಲ್ಲದ ತೊಟ್ಟಿ ನೆಲದಿಂದ ಮೇಲಕ್ಕೆದ್ದು ಬಿಡಬಹುದು, ಬಿರುಕು ಬಿಡಬಹುದು. ಹಾಗಾಗಿ ನೀರು ಅಲ್ಲೇ ಇತ್ತು. ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಮೇಲ್ಗಡೆ ಅಗುಳಿ ಹಾಕಿದೆವು, ಗೇಟಿಗೆ ಬೀಗ ಜಡಿದೆವು, ಅದು ಕಾನೂನಿಗೆ ಲೆಕ್ಕಕ್ಕಿಲ್ಲದಿದ್ದರೂ ನಮ್ಮ ನಿದ್ದೆಗೆ ಬೇಕಿತ್ತು. ಕುಂಡವನ್ನು ಅಂದೇ ಸರಿಸಿದೆವು.

ಈಗ ದಾಖಲೆಯ ಹುಡುಕಾಟ. ನಮ್ಮ ಮನೆಯ ಹಳೆಯ ಕಡತ ಕೌನ್ಸಿಲ್‌ನಲ್ಲಿರುತ್ತದೆ. ಈ ರಾಜ್ಯದ ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಬಹುದು. ಔಪಚಾರಿಕ ಅರ್ಜಿಗೆ 30 ಡಾಲರ್, 20 ಕೆಲಸದ ದಿನಗಳ ಗಡುವು. ಅನೌಪಚಾರಿಕವಾಗಿ ಕೇಳಿದರೆ ಶುಲ್ಕ ಇಲ್ಲ, ಗಡುವೂ ಇಲ್ಲ. ನಾವು ದುಡ್ಡು ಉಳಿಸಲು ಎರಡನೆಯದನ್ನು ಆರಿಸಿ ಪ್ರತಿದಿನ ಇಮೇಲ್ ತೆರೆದು ನೋಡುತ್ತ ಕೂತೆವು. 17 ಕೆಲಸದ ದಿನಗಳ ಮೇಲೆ ಕಡತ ಬಂತು. ಮೊದಲ ಪುಟದಲ್ಲಿ ಕೈಯಲ್ಲಿ ಗೆರೆ ಎಳೆದ ನಕ್ಷೆ, ಕೆಳಗೆ ಮೊಹರು: 1987. ನಾನು ಕುಣಿದೆ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಒಂಬತ್ತನೆಯ ಪುಟ ತೆರೆದ ಗಂಡ ಮಾತಾಡಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿದರು. 2014ರಲ್ಲಿ ಹಿಂದಿನವರು ಹಿತ್ತಲಿಗೆ ಚಾವಣಿ ಹಾಕಿಸುವಾಗ ಕೊಳದ ಬೇಲಿಯನ್ನು ಪೂರ್ತಿ ಹೊಸದಾಗಿ ಕಟ್ಟಲು ಅನುಮತಿ ಪಡೆದಿದ್ದರು. ಅದರ ಷರತ್ತಿನಲ್ಲಿ ಸ್ಪಷ್ಟವಾಗಿ, ಕೊಳದ ಬೇಲಿಗೆ ಆಸ್ಟ್ರೇಲಿಯದ ಮಾನದಂಡವಾದ ಎಎಸ್ 1926.1ರ 2012ರ ಆವೃತ್ತಿಗೆ ತಕ್ಕಂತೆ ಇರಬೇಕು ಎಂದಿತ್ತು. ಹಳೆಯ ಬೇಲಿಯ ಜೊತೆಗೆ ಹಳೆಯ ರಿಯಾಯಿತಿಯೂ ಹೋಗಿತ್ತು. ಮನೆಯ ಬಾಗಿಲಿಗೂ ಕೊಳಕ್ಕೂ ನಡುವೆ ಬೇಲಿ ಬೇಕೇ ಬೇಕು. ದೀಪ ಇನ್ನೂ ಉರಿಯುತ್ತಿತ್ತು.

ಹಳೆಯ ಕೊಳದವರು ಇದನ್ನು ಗಮನಿಸಬೇಕು. ಈ ರಾಜ್ಯದಲ್ಲಿ ಕೊಳ ಯಾವಾಗಿನದು ಎಂಬುದರ ಮೇಲೆ ಯಾವ ಆವೃತ್ತಿಯ ನಿಯಮ ಎಂಬುದು ನಿಂತಿದೆ. 2008ರ ಆಗಸ್ಟ್ ಅಂತ್ಯದವರೆಗಿನದಕ್ಕೆ 1986ರ ಆವೃತ್ತಿ, ಅಲ್ಲಿಂದ 2013ರ ಏಪ್ರಿಲ್‌ವರೆಗೆ 2007ರದ್ದು, ಆಮೇಲಿನದಕ್ಕೆ 2012ರದ್ದು. ಬೇಲಿಯನ್ನು ಹೆಚ್ಚಿನ ಮಟ್ಟಿಗೆ ಬದಲಾಯಿಸಿದರೆ ಈ ಲೆಕ್ಕ ಹೊಸದಕ್ಕೆ ಜಿಗಿಯುತ್ತದೆ. ಹಳೆಯ ನಿಯಮದ ನೆರಳಿನಲ್ಲಿ ಆರಾಮವಾಗಿರುವವರು ಅಂದಕ್ಕಾಗಿ ಗಾಜಿನ ಬೇಲಿ ಹಾಕಿಸುವ ಮೊದಲು ಎರಡು ಸಲ ಯೋಚಿಸಿ.

ಬೇಲಿ ಕಟ್ಟುವವರು ಸಿಗುವುದು ಇನ್ನೊಂದು ಪಾಡು. ಅಕ್ಟೋಬರ್ ಎಂದರೆ ಇಲ್ಲಿ ಬೇಸಿಗೆ ಹತ್ತಿರ, ಕೊಳವಿದ್ದವರೆಲ್ಲ ಎಚ್ಚೆತ್ತುಕೊಳ್ಳುವ ತಿಂಗಳು. ಒಬ್ಬರು 3,900 ಕೇಳಿದರು. ಒಬ್ಬರು ಬರುತ್ತೇನೆಂದು ಬರಲೇ ಇಲ್ಲ. ಮೂರನೆಯವರು ನಾಲ್ಕೂವರೆ ಮೀಟರ್ ಬೇಲಿ ಮತ್ತು ಒಂದು ಗೇಟಿಗೆ 2,650 ಎಂದರು, 78ನೆಯ ದಿನಕ್ಕೆ ದಿನಾಂಕ ಕೊಟ್ಟರು. ಬೆರಳು ಮಡಚಿ ಲೆಕ್ಕ ಹಾಕಿದರೆ ಆರು ವಾರದ ಗಡುವು 73ಕ್ಕೇ ಮುಗಿಯುತ್ತಿತ್ತು. ತಪಾಸಕರಿಗೆ ಫೋನ್ ಮಾಡಿ ಬೇಡಿಕೊಂಡೆ. "ನನಗೆ ಆಯ್ಕೆ ಇಲ್ಲ, ಕಳುಹಿಸಲೇಬೇಕು" ಎಂದರು, ಸಿಡುಕಲಿಲ್ಲ. ಕೆಲಸದ ಮುಂಗಡ ಕಟ್ಟಿದ ರಸೀದಿಯನ್ನೂ ಫೋಟೋಗಳನ್ನೂ ಸಿದ್ಧವಾಗಿಟ್ಟುಕೊಳ್ಳಿ ಎಂಬ ಒಂದು ಉಪಕಾರದ ಮಾತು ಹೇಳಿದರು. ಹಾಗೆಯೇ ಆಯಿತು. ಕೌನ್ಸಿಲ್‌ನಿಂದ ಕರೆ ಬಂದಾಗ ಎದೆ ಡವಗುಟ್ಟಿತು. ರಸೀದಿ ಕಳುಹಿಸಿದೆ, ಕೆಲಸ ಮುಗಿದ ಕೂಡಲೇ ತಿಳಿಸಿ ಎಂದು ಬಿಟ್ಟರು. ಸುಮ್ಮನೆ ಕೂತವರಿಗೆ ಸ್ಥಳದಲ್ಲೇ 550 ಡಾಲರ್ ದಂಡ, ನ್ಯಾಯಾಲಯಕ್ಕೆ ಹೋದರೆ 5,500ರವರೆಗೆ ಎಂದು ಓದಿ ಓದಿ ನನಗೆ ಬಾಯಿಪಾಠವಾಗಿತ್ತು.

ಮಿಕ್ಕ ಕೆಲಸ ನಾವೇ ಮಾಡಿದೆವು. ಹಳೆ ಗೇಟಿಗೆ ಸ್ಪ್ರಿಂಗ್ ಇರುವ ಹೊಸ ಕೀಲುಗಳು ಮತ್ತು ಅಯಸ್ಕಾಂತದ ಚಿಲಕ, 195 ಡಾಲರ್. ಸ್ಪ್ರಿಂಗಿನ ಬಿಗಿಯನ್ನು ಸ್ಕ್ರೂ ಡ್ರೈವರಿನಿಂದ ಹೊಂದಿಸುವುದು ವೀಣೆಗೆ ಶ್ರುತಿ ಕೂಡಿಸಿದ ಹಾಗೆ: ಸಡಿಲವಾದರೆ ನಾಲ್ಕು ಬೆರಳಗಲ ತೆರೆದು ಬಿಟ್ಟಾಗ ಮುಚ್ಚುವುದಿಲ್ಲ, ಬಿಗಿಯಾದರೆ ಮಗುವಿನ ಬೆನ್ನಿಗೆ ಬಡಿಯುತ್ತದೆ. ಎರಡು ಸಂಜೆ ಹಿಡಿಯಿತು. ಬೇಲಿಯ ಅಡಿಗೆ ಕಾಂಕ್ರೀಟ್ ಪಟ್ಟಿ, 60. ಫಲಕ 28. ಆ ಫಲಕವನ್ನೂ ಹಗುರಾಗಿ ತೆಗೆದುಕೊಳ್ಳಬೇಡಿ. ಪುನಶ್ಚೇತನದ (ಸಿಪಿಆರ್) ಹೆಜ್ಜೆಗಳ ಚಿತ್ರ ಇರಬೇಕು, ಚಿಕ್ಕ ಮಕ್ಕಳ ಮೇಲೆ ಕಣ್ಣಿಡಿ, ಗೇಟು ಸದಾ ಮುಚ್ಚಿಡಿ, ಬೇಲಿಯಿಂದ 900 ಮಿ.ಮೀ. ದೂರದವರೆಗೆ ವಸ್ತು ಇಡಬೇಡಿ ಎಂಬ ಮೂರು ಎಚ್ಚರಿಕೆ ಇರಬೇಕು, 3 ಮೀಟರ್ ದೂರದಿಂದ ಓದಲು ಬರಬೇಕು. ಅತ್ತೆಗೆ ಇಂಗ್ಲಿಷ್ ಬಾರದು. ಫಲಕದಲ್ಲಿದ್ದುದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ: ಮೂವತ್ತು ಸಲ ಎದೆ ಒತ್ತುವುದು, ಎರಡು ಸಲ ಉಸಿರು. ತುರ್ತು ಕರೆಗೆ ಊರಿನ 112 ಅಲ್ಲ, ಇಲ್ಲಿ ಮೂರು ಸೊನ್ನೆ ಎಂದು ಅವರಿಗೆ ಫೋನಿನಲ್ಲಿ ಒತ್ತಿ ತೋರಿಸಿ ಕಲಿಸಿದೆವು, ಕರೆ ಹೋಗದ ಹಾಗೆ. ಇದನ್ನು ಯಾವ ತಪಾಸಕರೂ ಕೇಳುವುದಿಲ್ಲ.

ಪಾತಿಯ ಮಣ್ಣು ತೆಗೆಯಲು ಒಂದು ಶನಿವಾರ, ಭಾನುವಾರ ಬೇಕಾಯಿತು. ಕಸದ ದೊಡ್ಡ ತೊಟ್ಟಿಯ ಬಾಡಿಗೆ 340. ದಂಟು ಅಷ್ಟು ಹೊತ್ತಿಗೆ ಗೇಣುದ್ದ ಬೆಳೆದಿತ್ತು. ಅತ್ತೆ ಒಂದು ಮಾತೂ ಆಡದೆ ಎಲ್ಲವನ್ನೂ ಬೇರುಸಮೇತ ಕಿತ್ತು, ಸೋಸಿ, ಮಧ್ಯಾಹ್ನಕ್ಕೆ ಬಸ್ಸಾರು ಮಾಡಿದರು. "ನಮ್ಮ ಅಪ್ಪನ ಮನೆಯ ಬಾವಿಗೆ ಕಟ್ಟೆಯೇ ಇರಲಿಲ್ಲ" ಎಂದು ಊಟದ ನಡುವೆ ಹೇಳಿದರು. ಮುಂದೇನೋ ಹೇಳುತ್ತಾರೆ ಎಂದು ಕಾದೆವು. ಅವರು ಇನ್ನೊಂದು ಸೌಟು ಬಡಿಸಿ ಸುಮ್ಮನಾದರು.

ನೀರು ತುಂಬುವ ಹಬ್ಬಕ್ಕೆ ಹಂಡೆ ಇಲ್ಲದೆ ಅತ್ತೆ ಕೊಳದ ಗೇಟಿಗೇ ಅರಿಸಿನ ಕುಂಕುಮ ಇಟ್ಟು ಒಂದು ಚೆಂಡು ಹೂವಿನ ಹಾರ ಕಟ್ಟಿದ್ದರು. ಹಾರ ಚಿಲಕಕ್ಕೆ ಸಿಕ್ಕಿಕೊಳ್ಳುತ್ತಿತ್ತು. ರಾತ್ರಿ ಅವರು ಮಲಗಿದ ಮೇಲೆ ಕತ್ತರಿಸಿ ತೆಗೆದೆ.

78ನೆಯ ದಿನ ಬೇಲಿಯವರು ಹೇಳಿದ ಹೊತ್ತಿಗೆ ಬಂದು ಒಂದೇ ದಿನದಲ್ಲಿ ಮುಗಿಸಿದರು. 84ನೆಯ ದಿನ ತಪಾಸಕರು ಮತ್ತೆ ಬಂದರು. ಅದೇ ಟೇಪು, ಅದೇ ಮರದ ತುಂಡು. ಗೇಟುಗಳೆರಡೂ ನಾಲ್ಕು ಬೆರಳಗಲ ತೆರೆದು ಬಿಟ್ಟಾಗಲೂ ಟಕ್ ಎಂದು ಹಿಡಿದವು. ಪಾತಿ ಇದ್ದ ಕಡೆ ಕಾಂಪೌಂಡು ಅಳೆದರು. 1800ಕ್ಕೆ ಸ್ವಲ್ಪ ಮೇಲೆ. ಹೊಸ ಬೇಲಿಯ ಹತ್ತಿರ ಬಂದವರು ನಿಂತುಬಿಟ್ಟರು. ಕೆಲಸದವರು ಉಳಿದ ನೆಲಹಾಸಿನ ಕಲ್ಲುಗಳನ್ನು ಬೇಲಿಯ ಬುಡಕ್ಕೆ ಮೆಟ್ಟಿಲಿನ ಹಾಗೆ ಒಪ್ಪವಾಗಿ ಜೋಡಿಸಿಟ್ಟು ಹೋಗಿದ್ದರು. ಆರು ದಿನದಿಂದ ನಾವು ಅದನ್ನು ನೋಡುತ್ತಲೇ ಇದ್ದೆವು, ಅಂದವಾಗಿದೆ ಎಂದೂ ಅಂದುಕೊಂಡಿದ್ದೆವು. ಗಂಡ, ನಾನು, ಅತ್ತೆ ಮೂವರೂ ಸಾಲಾಗಿ ನಿಂತು ಹನ್ನೆರಡು ಕಲ್ಲುಗಳನ್ನು ಐದು ನಿಮಿಷದಲ್ಲಿ ಗ್ಯಾರೇಜಿಗೆ ಸಾಗಿಸಿದೆವು. ಅವರು ಗಡಿಯಾರ ನೋಡಿಕೊಳ್ಳುತ್ತ ಕಾದರು. ಈ ಸಲ ಕಾಫಿ ಕುಡಿದರು.

ಮರುದಿನ ಪ್ರಮಾಣಪತ್ರ ಇಮೇಲ್‌ಗೆ ಬಂತು. ಒಂದು ಪುಟ. ಮೂರು ವರ್ಷ ಚಾಲ್ತಿ. ಕನ್ವೇಯನ್ಸರ್‌ಗೂ ಕೌನ್ಸಿಲ್‌ಗೂ ಕಳುಹಿಸಿ, ರಾಜ್ಯದ ನೋಂದಣಿಯಲ್ಲಿ ಅದು ಸೇರಿದೆಯೇ ಎಂದು ನೋಡಿಕೊಂಡೆ. ಬೇರೆ ರಾಜ್ಯಗಳಲ್ಲಿರುವವರಿಗೆ ಅಳತೆಗಳು ಬಹುಮಟ್ಟಿಗೆ ಹೀಗೆಯೇ ಕಂಡರೂ ಕಾಗದದ ವ್ಯವಹಾರ ಬೇರೆ: ವಿಕ್ಟೋರಿಯದಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪಾಸಣೆ, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂದೇ ಮನೆಯ ಕೊಳಕ್ಕೆ ಎರಡು ವರ್ಷದ ಪತ್ರ. ನನ್ನ ಲೆಕ್ಕವನ್ನು ಅಲ್ಲಿಗೆ ಹಚ್ಚಬೇಡಿ.

ಕರಿಬೇವಿಗೆ ಈಗ ಬಿಸಿಲು ಸಾಲದು. ಎಲೆ ಹಳದಿಯಾಗಿದೆ. ಅತ್ತೆ ಊರಿಗೆ ಹೊರಡುವ ಮೊದಲು ಅದನ್ನು ಮುಂಬಾಗಿಲಿಗೆ ಸಾಗಿಸಿ, ಹಿತ್ತಲಿನ ಬೇಲಿಯುದ್ದಕ್ಕೂ ಟೇಪು ಹಿಡಿದು ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದಿದ್ದಾರೆ. ಗೆರೆಯಾಚೆ ಏನನ್ನೂ ಇಡುವಂತಿಲ್ಲ. ಮಳೆ ಬಂದಾಗ ನಾನು ಮತ್ತೆ ಎಳೆಯುತ್ತೇನೆ.

ನಿನ್ನೆ ಗೆಳತಿಯೊಬ್ಬಳು ಫೋನ್ ಮಾಡಿ ನಮ್ಮ ಕತೆ ಕೇಳಿ ನಕ್ಕಳು. ಅವರದು ಬಾಡಿಗೆ ಮನೆ, ಕೊಳ ಇಲ್ಲ. ಮಗಳ ಹುಟ್ಟುಹಬ್ಬಕ್ಕೆ ಗಾಳಿ ತುಂಬುವ ದೊಡ್ಡದೊಂದು ತೊಟ್ಟಿ ತಂದಿದ್ದಾಳೆ, ಬೇಸಿಗೆಯೆಲ್ಲ ಹಿತ್ತಲಲ್ಲೇ ಇರುತ್ತದಂತೆ. 300 ಮಿಲಿಮೀಟರಿಗಿಂತ ಹೆಚ್ಚು ನೀರು ಹಿಡಿಯುವ ಯಾವುದೇ ತೊಟ್ಟಿಗೂ ಇದೇ ಕಾನೂನು, ಬೇಲಿ ಬೇಕು, ನೋಂದಣಿ ಬೇಕು ಎಂದೆ.

"ಮುನ್ನೂರು ಮಿಲಿಮೀಟರ್ ಎಂದರೆ ಎಷ್ಟಾಗುತ್ತದೆ?"

ಮಗಳ ಶಾಲೆಯ ಚೀಲದಲ್ಲಿರುವ ಸ್ಕೇಲ್ ತೆಗೆದುಕೊಂಡು ಹೋಗಿ ತೊಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ನೋಡು ಎಂದೆ. ಹತ್ತು ನಿಮಿಷದ ಮೇಲೆ ಅವಳು ಒಂದು ಫೋಟೋ ಕಳುಹಿಸಿದಳು. ತೊಟ್ಟಿಯ ಅಂಚು ಸ್ಕೇಲಿಗಿಂತ ನಾಲ್ಕು ಬೆರಳು ಮೇಲಿತ್ತು.